ಕ್ಯಾಂಟನ್ನಿನ ಅಡುಗೆಯಲ್ಲಿ ರಸಾಯನಶಾಸ್ತ್ರ

ಚೀನದ ದಕ್ಷಿಣ ತೀರದಲ್ಲಿ, ಮುತ್ತಿನ ನದಿ ಎಂಬ ಅರ್ಥದ ಹೆಸರನ್ನು ಪಡೆದ ಹೊಳೆಯೊಂದು ಹಲವು ಕವಲುಗಳಾಗಿ ಸಮುದ್ರವನ್ನು ಸೇರುವೆಡೆಯಲ್ಲಿ, ಗ್ವಾಂಗ್‌ಜೌ ಎಂಬ ಪುರಾತನ ನಗರವಿದೆ. ಯೂರೋಪಿನ ವರ್ತಕರ ಬಾಯಲ್ಲಿ ಇದಕ್ಕೆ ಕ್ಯಾಂಟನ್ ಎಂದು ಹೆಸರಾಯಿತು. ಕರ್ಕಾಟಕ ಸಂಕ್ರಾಂತಿ ವೃತ್ತವು ಈ ನಗರದ ಆಡಳಿತದ ಎಲ್ಲೆಯೊಳಗೇ ಹಾದುಹೋಗುವುದು. ಆದುದರಿಂದ ಅಲ್ಲಿನ ಹವೆಯಲ್ಲಿ ನಮ್ಮ ಕರಾವಳಿಯ ಸೆಕೆಯೂ ಮಳೆಯೂ ಉಂಟು, ಗದ್ದೆಯಲ್ಲಿ ಬತ್ತ, ಕೊಳದಲ್ಲಿ ಮೀನು, ಹಿತ್ತಿಲಲ್ಲಿ ಶುಂಠಿ ಇವೆಲ್ಲ ಉಂಟು. ೧೭೫೭ರಿಂದ ೧೮೪೨ರವರೆಗೆ ಪಾಶ್ಚಾತ್ಯ ವ್ಯಾಪಾರದ ಹಡಗುಗಳಿಗೆ ಚೀನದಲ್ಲಿ ತೆರೆದಿದ್ದ ಬಂದರು ಇದೊಂದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯದ ಮತ್ತು ಆಸ್ಟ್ರೇಲಿಯದ ಚಿನ್ನದ ನೆಲಗಳನ್ನು ಅರಸಿ ಹೊರಟ ಚೀನೀಯರಲ್ಲಿ ಬಹುಮಂದಿ ಈ ನದೀಮುಖದ ಹಳ್ಳಿಗಳವರು. ಅವರು ಹೋದಲ್ಲೆಲ್ಲ ಅವರ ಒಲೆಯೂ ಹೋಯಿತು. ಹೊರನಾಡುಗಳಲ್ಲಿ ಬಹುಕಾಲ ಚೀನೀ ಊಟವೆಂದರೆ ಕ್ಯಾಂಟನ್ನಿನ ಊಟವೆಂದೇ ಅರ್ಥವಾಗಿದ್ದುದು ಈ ಕಾರಣದಿಂದ.

ನಮ್ಮ ಬೀದಿಬದಿಯ ಗೋಬಿ ಮಂಚೂರಿಯನ್ನು ಉಂಡು ಚೀನೀ ಅಡುಗೆಯ ಪರಿಚಯವಾಯಿತೆಂದು ತಿಳಿದಿರುವ ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದು ಭಾರತದಲ್ಲಿಯೇ ಹುಟ್ಟಿದ ತಿನಿಸು. ಬೆಳ್ಳುಳ್ಳಿ, ಮೆಣಸಿನಕಾಯಿ, ಗಟ್ಟಿಯಾದ ಕೆಂಪು ಗೊಜ್ಜು ಇವು ಅದರ ಜೀವ. ಕ್ಯಾಂಟನ್ನಿನ ಅಡುಗೆಯ ಧರ್ಮ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಪದಾರ್ಥ ತಾಜಾ ಆಗಿರಬೇಕು, ಅದರ ಸ್ವಂತ ರುಚಿ ನಾಲಗೆಗೆ ತಿಳಿಯಬೇಕು, ಮಸಾಲೆ ಅದನ್ನು ಮುಚ್ಚಬಾರದು. ಅಲ್ಲಿನ ಬಾಣಸಿಗ ಹಿಡಿದಿರುವ ವ್ರತ ಇದು. ಮಸಾಲೆಯ ಮರೆ ಇಲ್ಲದಿರುವುದರಿಂದ ಬೆಂಕಿ, ನೀರು, ಹಬೆ, ಕ್ಷಾರ ಇವುಗಳ ಕೆಲಸ ಅಲ್ಲಿ ಬಯಲಾಗಿ ಕಾಣುವುದು. ಇಂಥ ಭೋಜನಶಾಲೆಗೆ ಹೋಗುವ ಅವಕಾಶ ಹಾಂಗ್‌ಕಾಂಗ್, ಸಿಂಗಾಪುರ, ಲಂಡನ್ ನಗರಗಳಿಗೆ ಪ್ರಯಾಣ ಮಾಡುವವರಿಗೆ ಈಗ ಸುಲಭ. ಏನನ್ನು ತರಿಸಬೇಕು, ತರಿಸಿದುದು ಚೆನ್ನಾಗಿದೆಯೇ ಇಲ್ಲವೇ ಎಂದು ಹೇಗೆ ತಿಳಿಯಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಶಾಸ್ತ್ರದ ನೆರವಿನಿಂದ ನೋಡೋಣ.

ಬೆಳಗಿನ ಹೊತ್ತು ಹೋಗುವುದು ಉತ್ತಮ. ಬೆಳಗಿನ ಉಪಾಹಾರಕ್ಕೆ ಅಲ್ಲಿ ‘ಯಮ್ ಚಾ’ ಎಂದು ಹೆಸರು; ಚಹಾ ಕುಡಿಯುವುದು ಎಂದಷ್ಟೇ ಅದರ ಅರ್ಥ. ಚಹಾದ ಜೊತೆಗೆ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಬರುವ ತಿಂಡಿಗಳಿಗೆ ‘ದಿಮ್ ಸಮ್’ ಎನ್ನುವರು. ಇದು ಹೃದಯವನ್ನು ಮುಟ್ಟುವುದು ಎಂಬ ಸೊಗಸಾದ ಮಾತು. ಪಕ್ಕದವರು ನಿಮ್ಮ ಬಟ್ಟಲಿಗೆ ಚಹಾ ಸುರಿದಾಗ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲನೆ ತಟ್ಟಿದರೆ ವಂದನೆ ಸಲ್ಲಿಸಿದಂತೆ. ಮಾರುವೇಷದಲ್ಲಿ ತಿರುಗುತ್ತಿದ್ದ ಚಕ್ರವರ್ತಿ ಚಿಯೆನ್‌ಲುಂಗನು ತನ್ನ ಸೇವಕನಿಗೆ ತಾನೇ ಚಹಾ ಬಡಿಸಿದಾಗ, ಗುಟ್ಟು ರಟ್ಟಾಗದಂತೆ ಆ ಸೇವಕನು ಬೆರಳುಗಳಿಂದಲೇ ಸಾಷ್ಟಾಂಗ ಮಾಡಿದನೆಂದು ಕಥೆ ಹೇಳುವರು. ಹೂಜಿಯ ಮುಚ್ಚಳವನ್ನು ಓರೆಯಾಗಿ ಇಟ್ಟರೆ ಬಿಸಿನೀರು ತನ್ನಿರೆಂದು ಅರ್ಥ.

ಬುಟ್ಟಿಗಳಲ್ಲಿ ಮೊದಲು ನೋಡಬೇಕಾದುದು ‘ಹಾರ್ ಗಾವ್’. ಸಿಗಡಿಯನ್ನು ಹೂರಣವಾಗಿ ತುಂಬಿ, ಅಂಚನ್ನು ನಿರಿಗೆಯಾಗಿ ಮಡಿಸಿ, ಹಬೆಯಲ್ಲಿ ಬೇಯಿಸಿದ ಪುಟ್ಟ ಕಡುಬು ಇದು. ನಮ್ಮ ಕಡುಬಿಗೂ ಇದಕ್ಕೂ ಇರುವ ಭೇದವೇನೆಂದರೆ, ಇದರ ಹೊದಿಕೆ ಗಾಜಿನಂತೆ ಹೊಳೆಯುವುದು. ಒಳಗಿನ ಸಿಗಡಿಯ ನಸುಗೆಂಪು ಹೊರಗೆ ಕಾಣುವುದು. ಹಿಟ್ಟು ಗೋಧಿಯದೇ. ಗೋಧಿಹಿಟ್ಟಿನ ಚಪಾತಿ ಎಷ್ಟು ತೆಳುವಾದರೂ ಹೀಗೆ ಪಾರದರ್ಶಕವಾಗುವುದಿಲ್ಲ. ಹಾಗಾದರೆ ಇಲ್ಲಿ ನಡೆದುದೇನು?

ಕಲಸಿದ ಗೋಧಿಹಿಟ್ಟಿನ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತ ತೊಳೆದರೆ ನೀರು ಹಾಲಿನಂತೆ ಬಿಳುಪಾಗುವುದು, ಕೈಯಲ್ಲಿ ರಬ್ಬರಿನಂಥ ಒಂದು ಮುದ್ದೆ ಉಳಿಯುವುದು. ಬೊಲೋನ್ಯದ ವೈದ್ಯ ಬೆಕ್ಕಾರಿಯು ೧೭೪೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಪ್ರಯೋಗವನ್ನು ವರ್ಣಿಸಿದನು. ಆ ಮುದ್ದೆಯೇ ಗ್ಲೂಟೆನ್ ಎಂಬ ಸಸಾರಜನಕ ದ್ರವ್ಯ. ನೀರಿನಲ್ಲಿ ಕದಡಿದುದು ಪಿಷ್ಟ. ಚಪಾತಿಯ ಹಿಟ್ಟಿಗೆ ಎಳೆತ ಬರುವುದು ಗ್ಲೂಟೆನ್ನಿನಿಂದ. ಆದರೆ ಅದರ ಜಾಲದಲ್ಲಿ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳೂ ಬೇರೆ ಬೇರೆ ಸಾಂದ್ರತೆಯ ಕಣಗಳೂ ಬೆಳಕನ್ನು ಎತ್ತೆತ್ತಲೋ ಚೆದರಿಸಿಬಿಡುವುವು. ಆದ್ದರಿಂದ ಅದು ಅಪಾರದರ್ಶಕ. ಕ್ಯಾಂಟನ್ನಿನ ಬಾಣಸಿಗನು ಗ್ಲೂಟೆನ್ನನ್ನು ತೊಳೆದು ತೆಗೆದ ಗೋಧಿಯ ಪಿಷ್ಟವನ್ನು ಮಾತ್ರ ತೆಗೆದುಕೊಂಡು ಅದರ ಮೇಲೆ ಕುದಿಯುವ ನೀರನ್ನು ಸುರಿಯುವನು. ಸುಮಾರು ೬೦ ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆಯಲ್ಲಿ ಪಿಷ್ಟದ ಕಣಗಳ ಒಳಗಿನ ಅಚ್ಚುಕಟ್ಟಾದ ಹೆಣಿಗೆ ಸಡಿಲಿ, ಕಣಗಳು ನೀರನ್ನು ಹೀರಿ ಉಬ್ಬುವುವು. ಕಣಕ್ಕೂ ಅದರ ಸುತ್ತಲಿನ ನೀರಿಗೂ ಇದ್ದ ಭೇದ ಅಳಿದು ಬೆಳಕು ಅಡ್ಡಿಯಿಲ್ಲದೆ ಹಾದುಹೋಗುವುದು. ಸಂಡಿಗೆಯ ಹಿಟ್ಟನ್ನು ಕಾಯಿಸುವಾಗ ಹಾಲಿನಂತಿದ್ದುದು ಒಮ್ಮೆಗೇ ತಿಳಿಯಾಗಿ ಅಂಬಲಿಯಾಗುವುದನ್ನು ನಮ್ಮ ತಾಯಂದಿರೆಲ್ಲ ಕಂಡಿದ್ದಾರೆ. ಅದೂ ಇದೂ ಒಂದೇ.

ಆದರೆ ಗ್ಲೂಟೆನ್ ಹೋದಮೇಲೆ ಹಿಟ್ಟಿಗೆ ಬಲವೂ ಹೋಯಿತು. ಅದನ್ನು ಲಟ್ಟಿಸಿದರೆ ಹರಿಯುವುದು. ಆದ್ದರಿಂದ ಎಣ್ಣೆ ಸವರಿದ ಅಗಲವಾದ ಕತ್ತಿಯ ಅಲಗಿನಿಂದ ಹಿಟ್ಟನ್ನು ಒತ್ತಿ ಬಿಲ್ಲೆ ಮಾಡಿ, ಆರುವುದರೊಳಗೆ ಮಡಿಸಿಬಿಡಬೇಕು. ಒಳ್ಳೆಯ ಹಾರ್ ಗಾವ್‌ಗೆ ಪರೀಕ್ಷೆ ಇಲ್ಲಿಯೇ ಇದೆ. ಕಡ್ಡಿಗಳಿಂದ ಎತ್ತಿದಾಗ ಹೊದಿಕೆ ಹರಿಯಬಾರದು, ಬುಟ್ಟಿಗೆ ಅಂಟಬಾರದು, ಹಲ್ಲಿಗೂ ಅಂಟಬಾರದು. ತಣ್ಣಗಾದರೆ ಪಿಷ್ಟದ ಅಣುಗಳು ಮತ್ತೆ ಸಾಲುಗೂಡಿ ಹೊದಿಕೆ ಬಿರುಸಾಗುವುದರಿಂದ, ಮಾತು ನಿಲ್ಲಿಸಿ ಬಿಸಿಯಾಗಿರುವಾಗಲೇ ತಿನ್ನುವುದು ಮೇಲು. ಇದರ ಒಡಹುಟ್ಟು ‘ಚ್ಯೂಂಗ್ ಫನ್’. ನಮ್ಮ ನೀರುದೋಸೆಯ ಹಿಟ್ಟಿನಂತೆ ತೆಳುವಾದ ಅಕ್ಕಿಹಿಟ್ಟನ್ನು ಬಟ್ಟೆಯ ಮೇಲೆ ಹರಡಿ ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತುವರು. ದಕ್ಷಿಣ ಕನ್ನಡದವರಿಗೆ ಇದು ಬಾಯಿಗಿಟ್ಟ ಕೂಡಲೆ ಊರಿನ ತಿಂಡಿಯೆಂದು ತೋರುವುದರಲ್ಲಿ ಸಂದೇಹವಿಲ್ಲ.

ಗಂಜಿಯ ವಿಷಯಕ್ಕೆ ಬಂದರೆ ಒಂದು ತಮಾಷೆ ಉಂಟು. ಕ್ಯಾಂಟನ್ನಿನವರು ‘ಜುಕ್’ ಎಂದು ಕರೆಯುವ, ಅಕ್ಕಿ ಕರಗಿ ಕೆನೆಯಂತಾಗುವವರೆಗೆ ಕುದಿಸಿದ ಗಂಜಿಗೆ ಇಂಗ್ಲಿಷಿನ ತಿನಿಸುಪಟ್ಟಿಗಳಲ್ಲಿ ‘ಕಾಂಜಿ’ ಎಂದು ಬರೆದಿರುವರು. ಅದು ಚೀನೀ ಮಾತಲ್ಲ; ತಮಿಳಿನ ಕಂಜಿ, ನಮ್ಮ ಗಂಜಿ. ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಚೀನೀ ಭೋಜನಶಾಲೆಯ ಹಲಗೆಯನ್ನು ಏರಿತು. ಈ ಗಂಜಿಯಲ್ಲಿ ಕಪ್ಪು ಮೊಟ್ಟೆಯ ತುಂಡುಗಳನ್ನು ಹಾಕಿ ಕೊಡುವುದು ಅಲ್ಲಿನ ಹೆಸರಾಂತ ಕ್ರಮ. ಈ ಮೊಟ್ಟೆಯ ಬಿಳಿಭಾಗ ಕಾಫಿಯ ಬಣ್ಣದ ಪಾರದರ್ಶಕ ಲೋಳೆಯಂತೆಯೂ ಹಳದಿಭಾಗ ಕಡುಹಸುರಾಗಿಯೂ ಇರುವುದನ್ನು ಕಂಡ ಹೊಸಬನು ಎಲೆಯಿಂದ ಏಳುವುದೇ ಹೆಚ್ಚು. ಇದಕ್ಕೆ ‘ಸಾವಿರ ವರ್ಷದ ಮೊಟ್ಟೆ’ ಎಂಬ ಹೆಸರು ಬೇರೆ. ನಿಜವಾಗಿ ಅದರ ವಯಸ್ಸು ಕೆಲವು ವಾರಗಳು, ಹೆಚ್ಚೆಂದರೆ ಕೆಲವು ತಿಂಗಳುಗಳು.

ಬಾತುಕೋಳಿಯ ಮೊಟ್ಟೆಯನ್ನು ಸುಣ್ಣ, ಬೂದಿ, ಸೋಡಾ, ಉಪ್ಪು, ಚಹಾ ಬೆರೆಸಿದ ಕೆಸರಿನಲ್ಲಿ ಹುದುಗಿಸಿಡುವರು. ಕ್ಷಾರವು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಸೇರುವುದು. ಬಿಸಿಯಿಂದ ಮೊಟ್ಟೆ ಗಟ್ಟಿಯಾಗುವಾಗ ಸಸಾರಜನಕದ ಅಣುಗಳು ಒತ್ತೊತ್ತಾಗಿ ಮುದ್ದೆಗಟ್ಟಿ ಬಿಳುಪಾಗುವುವು. ಇಲ್ಲಿ ಹಾಗಲ್ಲ. ಕ್ಷಾರದಲ್ಲಿ ಅವುಗಳಿಗೆಲ್ಲ ಒಂದೇ ಜಾತಿಯ ವಿದ್ಯುದಂಶ ಬರುವುದರಿಂದ ಒಂದನ್ನೊಂದು ದೂರ ತಳ್ಳುತ್ತಲೇ ಸಡಿಲವಾದ ಜಾಲವಾಗಿ ಹೆಣೆದುಕೊಳ್ಳುವುವು. ಆದ್ದರಿಂದ ಬೆಂಕಿಯಿಲ್ಲದೆ ಗಟ್ಟಿಯಾಗುವುದು ಮಾತ್ರವಲ್ಲದೆ ಪಾರದರ್ಶಕವೂ ಆಗುವುದು. ಒಡೆದ ಅಣುಗಳಿಂದ ಹೊರಬಂದ ಗಂಧಕವು ಹಳದಿಯ ಕಬ್ಬಿಣದೊಡನೆ ಸೇರಿ ಕಪ್ಪುಹಸುರು ಬಣ್ಣವನ್ನು ಕೊಡುವುದು, ಅಮೋನಿಯ ಮೂಗಿಗೆ ಬಡಿಯುವುದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕ್ಷಾರದ ಪ್ರವೇಶವನ್ನು ಹದವಾಗಿಡಲು ಹಿಂದೆ ಸೀಸದ ಆಕ್ಸೈಡನ್ನು ಬಳಸುವ ರೂಢಿಯಿತ್ತು. ಸೀಸವು ಮಕ್ಕಳ ಮಿದುಳಿಗೆ ವಿಷ. ಈಗ ಅದರ ಬದಲು ಸತುವಿನ ಅಥವಾ ತಾಮ್ರದ ಲವಣಗಳನ್ನು ಬಳಸಿ ‘ಸೀಸರಹಿತ’ ಎಂದು ಡಬ್ಬಿಯ ಮೇಲೆ ಮುದ್ರಿಸುವರು. ಹೆಸರುವಾಸಿಯಾದ ಭೋಜನಶಾಲೆಯಲ್ಲಿ ಭಯಪಡಬೇಕಾಗಿಲ್ಲ. ಗುರುತು ಚೀಟಿಯಿಲ್ಲದ ಸರಕನ್ನು ಅಂಗಡಿಯಿಂದ ಕೊಂಡು ತರುವುದು ಬೇಡ.

ಕ್ಷಾರದ ಮಾತು ಬಂದುದರಿಂದ ವಾನ್‌ಟನ್ ಶಾವಿಗೆಯನ್ನೂ ಇಲ್ಲಿಯೇ ಹೇಳಿಬಿಡುವೆವು. ಬಾತುಮೊಟ್ಟೆ ಹಾಕಿ ಕಲಸಿದ ಗೋಧಿಹಿಟ್ಟನ್ನು ಮೇಜಿನ ಮೇಲಿಟ್ಟು, ಗೋಡೆಗೆ ಒಂದು ತುದಿಯನ್ನು ಸಿಕ್ಕಿಸಿದ ದಪ್ಪ ಬಿದಿರಿನ ಇನ್ನೊಂದು ತುದಿಯ ಮೇಲೆ ಬಾಣಸಿಗನು ಕುದುರೆಯೇರಿದಂತೆ ಕುಳಿತು ಕುಪ್ಪಳಿಸುತ್ತ ಹಿಟ್ಟನ್ನು ನಾದುವುದು ಹಳೆಯ ಪದ್ಧತಿ. ಈಗಲೂ ಕೆಲವು ಅಂಗಡಿಗಳಲ್ಲಿ ಇದನ್ನು ಕಾಣಬಹುದು. ಹಿಟ್ಟಿಗೆ ಬೆರೆಸುವ ಕ್ಷಾರಜಲವು ಪೊಟ್ಯಾಸಿಯಂ ಮತ್ತು ಸೋಡಿಯಂ ಕಾರ್ಬೊನೇಟುಗಳ ದ್ರಾವಣ. ನಮ್ಮ ಹಪ್ಪಳದ ಖಾರಕ್ಕೆ ಹತ್ತಿರದ ನೆಂಟ. ಅದು ಗ್ಲೂಟೆನ್ನಿನ ಜಾಲವನ್ನು ಬಿಗಿಗೊಳಿಸಿ ಎಳೆಗೆ ಪುಟಿಯುವ ಗುಣವನ್ನು ಕೊಡುವುದು, ಹಿಟ್ಟಿನಲ್ಲಿ ಬಣ್ಣವಿಲ್ಲದೆ ಅಡಗಿದ್ದ ದ್ರವ್ಯಗಳನ್ನು ಹಳದಿಯಾಗಿ ತೋರಿಸುವುದು. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿಯ ಕೆಂಪನ್ನು ಪಡೆಯುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮಾಂಸಾಹಾರಿಗಳಾದ ವಾಚಕರು ಮಧ್ಯಾಹ್ನದ ಊಟಕ್ಕೆ ‘ಬಾಕ್ ಚಿಟ್ ಗೈ’ ಎಂಬ ಬೆಳ್ಳಗಿನ ಕೋಳಿಯನ್ನು ತರಿಸಲೇಬೇಕು. ಕೋಳಿಯಿಲ್ಲದ ಔತಣ ಔತಣವಲ್ಲವೆಂದು ಅಲ್ಲಿ ಗಾದೆ. ನೋಟಕ್ಕೆ ಇದು ಬರಿಯ ಬೇಯಿಸಿದ ಕೋಳಿ. ಉಪ್ಪು, ಶುಂಠಿ, ಈರುಳ್ಳಿಯ ಎಳೆಗಿಡ, ಬಿಸಿ ಎಣ್ಣೆ ಇಷ್ಟೇ ನಂಚಿಕೊಳ್ಳಲು. ಆದರೆ ಕ್ಯಾಂಟನ್ನಿನ ಬಾಣಸಿಗನ ಕೈಯನ್ನು ಅಳೆಯಲು ಇದಕ್ಕಿಂತ ಕಠಿನವಾದ ಅಳತೆಗೋಲು ಇಲ್ಲ. ಮಾಂಸದಲ್ಲಿ ಮಯೋಸಿನ್, ಆಕ್ಟಿನ್ ಎಂಬ ಎರಡು ಮುಖ್ಯ ಸಸಾರಜನಕಗಳುಂಟು. ಮೊದಲನೆಯದು ೫೦ ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗಿ ಹಸಿಮಾಂಸದ ಲೋಳೆತನವನ್ನು ಕಳೆಯುವುದು. ಎರಡನೆಯದು ೬೫ ಡಿಗ್ರಿಯನ್ನು ದಾಟಿದ ಮೇಲೆ ಕುಗ್ಗಲಾರಂಭಿಸಿ, ಒದ್ದೆ ಬಟ್ಟೆಯನ್ನು ಹಿಂಡಿದಂತೆ ರಸವನ್ನೆಲ್ಲ ಹಿಂಡಿಬಿಡುವುದು. ಮೊದಲನೆಯದು ಪೂರ್ತಿಯಾಗಿ, ಎರಡನೆಯದು ಆದಷ್ಟು ಕಡಿಮೆಯಾಗಿ ಆಗಬೇಕು. ಕಿರಿದಾದ ಈ ಅಂತರದಲ್ಲಿ ಬಾಣಸಿಗನು ನಡೆಯಬೇಕು. ಆದ್ದರಿಂದ ಕೋಳಿಯನ್ನು ಕುದಿನೀರಿನಲ್ಲಿ ಮೂರು ಸಲ ಮುಳುಗಿಸಿ ಎತ್ತಿ, ಹೊಟ್ಟೆಯೊಳಗಿನ ತಣ್ಣೀರನ್ನು ಚೆಲ್ಲಿ ಬಿಸಿನೀರನ್ನು ತುಂಬಿ, ಅನಂತರ ಉರಿಯನ್ನು ತಗ್ಗಿಸಿ, ಕುದಿಯದೆ ಸಣ್ಣ ಗುಳ್ಳೆಗಳು ಮಾತ್ರ ಏಳುವ ನೀರಿನಲ್ಲಿ ಇಡುವನು. ಬೆಂದ ಕೂಡಲೆ ಹಿಮದಂತೆ ತಣ್ಣಗಿರುವ ನೀರಿಗೆ ಹಾಕುವನು. ಚರ್ಮದ ಕೊಲಾಜೆನ್ ಕರಗಿ ಆಗಿದ್ದ ಜೆಲಟಿನ್ ತಟಕ್ಕನೆ ಹೆಪ್ಪುಗಟ್ಟಿ, ಚರ್ಮಕ್ಕೂ ಮಾಂಸಕ್ಕೂ ನಡುವೆ ತೆಳುವಾದ ಪಾರದರ್ಶಕ ಪದರವಾಗಿ ನಿಲ್ಲುವುದು. ಆ ಪದರ ಕಂಡಿತೆಂದರೆ ಬಾಣಸಿಗನು ಗೆದ್ದನು.

ತುಂಡಿನ ನಡುವೆ ಎಲುಬು ಮಾತ್ರ ಕೆಂಪಾಗಿರುವುದುಂಟು. ಇದು ಹಸಿಯೋ ಬೆಂದುದೋ ಎಂಬ ಸಂಶಯ ಎಲ್ಲರಿಗೂ ಬರುವುದು. ಬರಬೇಕಾದುದೂ ಹೌದು, ಏಕೆಂದರೆ ಕೋಳಿಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರುವ ಸಂಭವವುಂಟು. ಎಳೆಯ ಕೋಳಿಯ ಮೂಳೆಯ ಮಜ್ಜೆಯಿಂದ ಒಸರಿದ ಬಣ್ಣ ಮಾಂಸವು ಸರಿಯಾಗಿ ಬೆಂದ ಮೇಲೂ ಉಳಿಯಬಹುದು. ಆದುದರಿಂದ ಎಲುಬಿನ ಕೆಂಪು ಹಸಿತನಕ್ಕೆ ಪ್ರಮಾಣವಲ್ಲ. ಹಾಗೆಯೇ ಬಿಳುಪು ಬೆಂದುದಕ್ಕೆ ಪ್ರಮಾಣವೂ ಅಲ್ಲ. ರೋಗಾಣುವನ್ನು ಕೊಲ್ಲುವುದು ಬಣ್ಣವಲ್ಲ, ಉಷ್ಣತೆ ಮತ್ತು ಕಾಲ. ೭೪ ಡಿಗ್ರಿಯನ್ನು ಮುಟ್ಟಿದೊಡನೆ ಅದು ಸಾಯುವುದು. ೬೫ ಡಿಗ್ರಿಯಲ್ಲಿ ಕೆಲವು ನಿಮಿಷಗಳು ಹಿಡಿದರೂ ಸಾಯುವುದು. ತಜ್ಞನಾದ ಬಾಣಸಿಗನಿಗೆ ಇದು ಗೊತ್ತು, ತರಾತುರಿಯ ಅಡುಗೆಮನೆಗೆ ಗೊತ್ತಿರುವುದೆಂದು ಹೇಳಲಾಗದು. ಮಾಂಸವೇ ಗಾಜಿನಂತೆ, ಲೋಳೆಯಂತೆ ಕಂಡರೆ ತಟ್ಟೆಯನ್ನು ಸಂಕೋಚವಿಲ್ಲದೆ ಹಿಂದಕ್ಕೆ ಕಳುಹಿಸಿರಿ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಚೆನ್ನಾಗಿ ಹುರಿದ ಕೋಳಿಯೇ ಲೇಸು. ಈ ಮಾತನ್ನು ಕೇಳಿ ಕ್ಯಾಂಟನ್ನಿನ ಮಿತ್ರರು ನಕ್ಕರೆ ನಗಲಿ.

ಹಬೆಯಲ್ಲಿ ಬೇಯಿಸಿದ ಇಡೀ ಮೀನು ಇನ್ನೊಂದು ರತ್ನ. ತೊಟ್ಟಿಯಲ್ಲಿ ಈಜುತ್ತಿರುವ ಮೀನನ್ನೇ ತೋರಿಸಿ ಆರಿಸುವ ಪದ್ಧತಿಗೆ ಕಾರಣವುಂಟು. ಸತ್ತ ಕಡಲಮೀನಿನಲ್ಲಿ ಸೂಕ್ಷ್ಮಾಣುಗಳು ಟ್ರೈಮೀಥೈಲಮಿನ್ ಎಂಬ ದ್ರವ್ಯವನ್ನು ಹುಟ್ಟಿಸುವುವು. ನಾವು ಮೀನುನಾತವೆನ್ನುವುದು ಅದನ್ನೇ. ತಾಜಾ ಮೀನಿಗೆ ಆ ನಾತ ಇಲ್ಲವಾದುದರಿಂದ ಹುಣಿಸೆಹುಳಿಯಾಗಲಿ ಮೆಣಸಾಗಲಿ ಬೇಕಿಲ್ಲ. ಹಬೆಯ ಬಲವನ್ನು ಇಡ್ಲಿ ಮಾಡುವ ನಾವು ದಿನವೂ ಕಾಣುತ್ತಿದ್ದರೂ ಲೆಕ್ಕ ಹಾಕುವುದಿಲ್ಲ. ಒಂದು ಗ್ರಾಮ್ ಹಬೆ ನೀರಾಗುವಾಗ ಸುಮಾರು ೫೪೦ ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುವುದು. ಅದೇ ಒಂದು ಗ್ರಾಮ್ ಕುದಿನೀರು ಮಂಜುಗಡ್ಡೆಯ ಮಟ್ಟಕ್ಕೆ ತಣಿದರೂ ಬಿಡುವುದು ೧೦೦ ಕ್ಯಾಲೊರಿ ಮಾತ್ರ. ಆದ್ದರಿಂದ ಸಾಧಾರಣ ಗಾತ್ರದ ಮೀನಿಗೆ ಎಂಟು ಹತ್ತು ನಿಮಿಷ ಸಾಕು, ಹನ್ನೆರಡಾದರೆ ಕೆಟ್ಟಿತು. ಮೇಲಿನ ಭಾಗವನ್ನು ತಿಂದಮೇಲೆ ಮೀನನ್ನು ಮಗುಚಿಹಾಕಬೇಡಿರಿ. ಅದು ದೋಣಿ ಮಗುಚಿದುದಕ್ಕೆ ಸಮವೆಂದು ಅಲ್ಲಿನ ಬೆಸ್ತರ ನಂಬಿಕೆ. ನಡುವಿನ ಮುಳ್ಳನ್ನು ಎತ್ತಿ ತೆಗೆದು ಕೆಳಭಾಗವನ್ನು ತಿನ್ನುವರು.

ಪಟ್ಟಿಯಲ್ಲಿ ಶಾರ್ಕಿನ ರೆಕ್ಕೆಯ ಸಾರು ಕಂಡರೆ ಅದನ್ನು ಬಿಟ್ಟುಬಿಡಬೇಕೆಂದು ನಮ್ಮ ಅಭಿಪ್ರಾಯ. ಆ ರೆಕ್ಕೆಗೆ ಸ್ವಂತ ರುಚಿಯೇ ಇಲ್ಲ. ಇರುವುದು ನಾರಿನ ಸ್ಪರ್ಶ ಮಾತ್ರ, ರುಚಿಯೆಲ್ಲ ಕೋಳಿ ಮತ್ತು ಉಪ್ಪುಹಾಕಿದ ಹಂದಿಮಾಂಸದ ಸಾರಿನದು. ಇದಕ್ಕಾಗಿ ಶಾರ್ಕುಗಳ ಕುಲವೇ ಕ್ಷೀಣಿಸಿತು. ಭಾರತ ಸರ್ಕಾರ ೨೦೧೫ರಲ್ಲಿ ಈ ರೆಕ್ಕೆಗಳ ರಫ್ತನ್ನು ನಿಷೇಧಿಸಿತು.

ಇನ್ನು ಬಾಣಲೆ. ‘ವೋಕ್’ ಎಂಬುದು ಕ್ಯಾಂಟನ್ನಿನವರ ಮಾತು. ತೆಳುವಾದ ಕಬ್ಬಿಣದ ಬಾಣಲೆಯೆಂದು ಅರ್ಥ. ‘ವೋಕ್ ಹೇ’ ಎಂದರೆ ಬಾಣಲೆಯ ಉಸಿರು. ಅಗಲವಾದ ಅಕ್ಕಿಯ ಶಾವಿಗೆಯನ್ನು ದನದ ಮಾಂಸ, ಮೊಳಕೆಕಾಳುಗಳೊಡನೆ ಹುರಿದ ‘ಗೊನ್ ಚಾವ್ ನ್ಗಾವ್ ಹೊ’ ಎಂಬ ತಿನಿಸಿನಲ್ಲಿ ಈ ಉಸಿರು ಎದ್ದು ತೋರುವುದು. ದನದ ಮಾಂಸ ಬೇಡವೆನ್ನುವವರು ಕೇಳಿದರೆ ಬರಿಯ ತರಕಾರಿ ಹಾಕಿ ಹುರಿದುಕೊಡುವರು. ಮನೆಯ ಒಲೆಯ ಮೇಲೆ ಇದು ಏಕೆ ಸಾಧ್ಯವಾಗುವುದಿಲ್ಲ? ತಣ್ಣನೆಯ ಪದಾರ್ಥ ಬಿದ್ದಾಗ ಬಾಣಲೆಯ ಉಷ್ಣತೆ ಕುಸಿಯುವುದು. ನೀರು ಒಸರುವುದು. ನೀರಿರುವವರೆಗೆ ಉಷ್ಣತೆ ೧೦೦ ಡಿಗ್ರಿಯನ್ನು ದಾಟದು. ಹುರಿಯುವ ಬದಲು ಬೇಯುವುದು. ಪರಿಮಳವನ್ನೂ ಕಂದು ಬಣ್ಣವನ್ನೂ ಕೊಡುವ ಸಂಯೋಗವಾದರೋ ಸುಮಾರು ೧೪೦ ಡಿಗ್ರಿಯ ಮೇಲೆಯೇ ವೇಗವಾಗಿ ನಡೆಯುವುದು. ಸಕ್ಕರೆಗೂ ಸಸಾರಜನಕದ ಘಟಕಗಳಿಗೂ ನಡೆಯುವ ಈ ಕ್ರಿಯೆಯನ್ನು ೧೯೧೨ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರನ ಹೆಸರಿನಿಂದಲೇ ಕರೆಯುವರು. ಭೋಜನಶಾಲೆಯ ಒಲೆಯ ಉರಿ ಮನೆಯ ಒಲೆಗಿಂತ ಹಲವು ಮಡಿ ಬಲವಾದುದು. ನೀರು ಒಸರಿದ ಕೂಡಲೆ ಆವಿಯಾಗಿ ಹಾರಿಹೋಗುವುದು, ಎಣ್ಣೆಯ ಹನಿಗಳು ಅಂಚಿನಲ್ಲಿ ಭಗ್ಗೆಂದು ಹೊತ್ತಿ ಹೊಗೆಯ ವಾಸನೆಯನ್ನು ಬಿಡುವುವು.

ಅಷ್ಟು ಉರಿಯಲ್ಲಿ ಅನ್ನ ಸೀಯದಿರುವುದು ಹೇಗೆಂದು ಜಾರ್ಜಿಯ ತಾಂತ್ರಿಕ ಸಂಸ್ಥೆಯ ಹಂಗ್‌ಟಾಂಗ್ ಕೋ ಮತ್ತು ಡೇವಿಡ್ ಹೂ ಎಂಬವರು ಬಾಣಸಿಗರ ಚಲನಚಿತ್ರಗಳನ್ನು ತೆಗೆದು ಪರಿಶೀಲಿಸಿ ೨೦೨೦ರಲ್ಲಿ ವರದಿ ಮಾಡಿದರು. ಬಾಣಸಿಗನು ಬಾಣಲೆಯನ್ನು ಎತ್ತಿ ಹಿಡಿಯುವುದಿಲ್ಲ. ಒಲೆಯ ಅಂಚಿಗೆ ಆನಿಸಿ, ಹಿಂದುಮುಂದಾಗಿ ಜಾರಿಸುತ್ತಲೂ ಏತದಂತೆ ತೂಗಿಸುತ್ತಲೂ ಸೆಕೆಂಡಿಗೆ ಸುಮಾರು ೨.೭ ಸಲ ಆಡಿಸುವನು. ಅನ್ನದ ಅಗುಳುಗಳು ಗಾಳಿಗೆ ಹಾರಿ ಅಷ್ಟರಲ್ಲಿ ತುಸು ಆರಿ ಮತ್ತೆ ಬೀಳುವುವು. ಈ ಕೆಲಸದಿಂದ ಬಾಣಸಿಗರಿಗೆ ಭುಜದ ನೋವು ಬಹಳವೆಂದೂ ಯಂತ್ರವೊಂದನ್ನು ರಚಿಸಲು ತಮ್ಮ ಲೆಕ್ಕ ನೆರವಾಗಬಹುದೆಂದೂ ಅವರು ಬರೆದರು. ನಮ್ಮ ತಟ್ಟೆಯಲ್ಲಿನ ಸವಿಗೆ ಯಾರದೋ ಭುಜ ಬೆಲೆ ತೆರುವುದೆಂಬುದನ್ನು ಭೋಜನಪ್ರಿಯರು ನೆನೆಯುವುದು ಕಡಿಮೆ. ಬಾಣಲೆಯ ಉಸಿರು ಕೆಲವು ನಿಮಿಷಗಳಲ್ಲಿ ಆರಿಹೋಗುವುದರಿಂದ ಕಟ್ಟಿಸಿಕೊಂಡು ಮನೆಗೆ ಒಯ್ಯುವುದು ವ್ಯರ್ಥ.

ಅಂಗಡಿಯ ಕಿಟಕಿಯಲ್ಲಿ ಕೊಕ್ಕೆಗೆ ತೂಗುಹಾಕಿರುವ ‘ಚಾ ಸ್ಯೂ’ ಹಂದಿಮಾಂಸದ ಕೆಂಪನ್ನು ಕಂಡು ಸಂಶಯ ಪಡುವುದು ನ್ಯಾಯವೇ. ಹಳೆಯ ಕ್ರಮದಲ್ಲಿ ಈ ಕೆಂಪು ಬರುತ್ತಿದ್ದುದು ಅನ್ನದ ಮೇಲೆ ಬೆಳೆಸಿದ ಮೊನಾಸ್ಕಸ್ ಎಂಬ ಬೂಷ್ಟಿನಿಂದಲೂ ಅದನ್ನು ಬೆರೆಸಿ ಹುದುಗಿಸಿದ ಸೋಯಾ ಗಿಣ್ಣಿನಿಂದಲೂ. ಈಗ ಕೃತಕ ಬಣ್ಣವನ್ನು ಸುರಿಯುವವರೂ ಇರುವರು. ಕರ್ನಾಟಕ ಸರ್ಕಾರ ೨೦೨೪ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದನ್ನು ವಾಚಕರು ಬಲ್ಲರು. ಬೂಷ್ಟಿನ ಬಣ್ಣವು ಸಹಜವಾದುದರಿಂದಲೇ ನಿರಪಾಯವೆಂದೂ ತಿಳಿಯಬೇಡಿರಿ; ಮೊನಾಸ್ಕಸಿನ ಕೆಲವು ತಳಿಗಳು ಮೂತ್ರಪಿಂಡಕ್ಕೆ ಕೆಡುಕಾದ ಸಿಟ್ರಿನಿನ್ ಎಂಬ ವಿಷವನ್ನೂ ಉತ್ಪಾದಿಸುವುವು. ಒಳ್ಳೆಯ ಚಾ ಸ್ಯೂವಿನ ಕೆಂಪು ಮೇಲ್ಮೈಗೆ ಮಾತ್ರ ಸೇರಿದುದು, ಅಂಚು ಕರಿದಾಗಿ ಕರಗಿದ ಮಾಲ್ಟೋಸ್ ಸಕ್ಕರೆಯಿಂದ ಮಿಂಚುವುದು.

ಸಸ್ಯಾಹಾರಿಗಳನ್ನು ನಾವು ಮರೆತಿಲ್ಲ. ಬೌದ್ಧ ಮಠಗಳಿಂದ ಬಂದ ‘ಲೋ ಹೋನ್ ಜಾಯ್’, ಎಂದರೆ ಅರ್ಹಂತರ ಊಟ, ಅವರಿಗೆ ಹೇಳಿಮಾಡಿಸಿದಂತಿದೆ. ಅಣಬೆ, ಹೆಸರುಕಾಳಿನ ಪಿಷ್ಟದ ಗಾಜಿನಂಥ ಶಾವಿಗೆ, ಸೋಯಾ ಹಾಲಿನ ಕೆನೆಪದರ ಇವು ಅದರಲ್ಲಿ ಉಂಟು; ಸಂಪ್ರದಾಯದಂತೆ ಮಾಡಿದರೆ ನಮ್ಮ ಮಡಿಯ ಅಡುಗೆಯಂತೆ ಈರುಳ್ಳಿ ಬೆಳ್ಳುಳ್ಳಿಗಳೂ ಇರುವುದಿಲ್ಲ. ಅದಕ್ಕೆ ಕಪ್ಪು ಕೂದಲಿನಂಥ ‘ಫಾಟ್ ಚೊಯ್’ ಹಾಕುವ ವಾಡಿಕೆಯಿತ್ತು. ಅದು ಮರುಭೂಮಿಯ ಅಂಚಿನಲ್ಲಿ ಬೆಳೆಯುವ ನೀಲಹಸುರು ಸೂಕ್ಷ್ಮಜೀವಿಗಳ ಎಳೆ. ಹೆಸರು ಐಶ್ವರ್ಯವೆಂಬ ಮಾತಿನಂತೆ ಕೇಳಿಸುವುದರಿಂದ ಹೊಸವರ್ಷದಲ್ಲಿ ಎಲ್ಲರಿಗೂ ಬೇಕು. ಅದನ್ನು ಕೆರೆದು ತೆಗೆದು ನೆಲವೆಲ್ಲ ಧೂಳಾಗುತ್ತಿದ್ದುದರಿಂದ ೨೦೦೦ದಲ್ಲಿ ಚೀನ ಸರ್ಕಾರ ಅದರ ಸಂಗ್ರಹವನ್ನು ನಿಷೇಧಿಸಿತು. ಹಸುರು ಸೊಪ್ಪನ್ನು ತರಿಸುವಾಗ ‘ಆಯಿಸ್ಟರ್ ಸಾಸ್’ ಬೇಡವೆಂದು ಬಿಡಿಸಿ ಹೇಳಿರಿ. ಅದು ಸಿಂಪಿಯ ರಸ. ಎಲೆಯ ಮೇಲೆ ಸುರಿದಾಗ ಸೊಪ್ಪು ಸಸ್ಯವಾಗಿ ಉಳಿಯಿತೆಂದು ಮಾಣಿ ವಾದಿಸಬಹುದು.

ಅಜಿನೊಮೊಟೊ ಹಾಕುವರಲ್ಲ, ಅದು ವಿಷವಲ್ಲವೇ ಎಂದು ಕೇಳುವವರಿಗೆ ಉತ್ತರ ಹೇಳದಿದ್ದರೆ ಈ ಲೇಖನಕ್ಕೆ ನ್ಯಾಯವಾಗದು. ಟೋಕಿಯೋದ ಇಕೆಡಾ ಎಂಬ ರಸಾಯನಶಾಸ್ತ್ರಜ್ಞನು ೧೯೦೮ರಲ್ಲಿ ಕಡಲಪಾಚಿಯ ಸಾರಿನಿಂದ ಗ್ಲುಟಾಮಿಕ್ ಆಮ್ಲವನ್ನು ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳಿಂದ ಭಿನ್ನವಾದ ರುಚಿಯೊಂದುಂಟೆಂದು ಸಾರಿದನು. ಆ ಆಮ್ಲದ ಸೋಡಿಯಂ ಲವಣವೇ ಈ ಪುಡಿ. ಟೊಮೇಟೊ ಹಣ್ಣಿನಲ್ಲಿಯೂ ತಾಯಿಯ ಹಾಲಿನಲ್ಲಿಯೂ ಗ್ಲುಟಾಮಿಕ್ ಆಮ್ಲವಿದೆ. ನಮ್ಮ ಟೊಮೇಟೊ ಸಾರಿನ ಸವಿಯಲ್ಲಿ ಅದರ ಪಾಲುಂಟು. ೧೯೬೮ರ ಏಪ್ರಿಲಿನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯನು ಪತ್ರ ಬರೆದು, ಚೀನೀ ಭೋಜನಶಾಲೆಯಲ್ಲಿ ಉಂಡಮೇಲೆ ತನಗೆ ಕತ್ತಿನ ಹಿಂಭಾಗ ಜೋಮುಹಿಡಿದಂತೆಯೂ ಎದೆ ಬಡಿದುಕೊಂಡಂತೆಯೂ ಆಗುವುದೆಂದು ತಿಳಿಸಿದನು. ಸೋಯಾ ಸಾರವಿರಬಹುದು, ಅಡುಗೆಯ ಮದ್ಯವಿರಬಹುದು, ಈ ಪುಡಿಯಿರಬಹುದು, ಉಪ್ಪೇ ಇರಬಹುದು ಎಂದು ಅವನು ಊಹಿಸಿದ್ದನು. ಪತ್ರಿಕೆಯವರು ಅದಕ್ಕೆ ‘ಚೀನೀ ಭೋಜನಶಾಲೆಯ ರೋಗ’ ಎಂದು ತಲೆಬರಹ ಕೊಟ್ಟರು. ಊಹೆ ಹೋಯಿತು, ತಲೆಬರಹ ಉಳಿಯಿತು. ಅಂದಿನಿಂದ ದಶಕಗಳ ಕಾಲ ಕ್ಯಾಂಟನ್ನಿನ ದುಡಿಮೆಗಾರರು ನಡೆಸುತ್ತಿದ್ದ ಸಣ್ಣ ಅಂಗಡಿಗಳು ಗೋಡೆಯ ಮೇಲೆ ‘ನಾವು ಪುಡಿ ಹಾಕುವುದಿಲ್ಲ’ ಎಂದು ಬರೆದು ನೇತುಹಾಕಬೇಕಾಯಿತು.

ಯಾವುದು ಪುಡಿ, ಯಾವುದು ಬರಿಯ ಸೋಗು ಎಂಬುದು ಕೊಡುವವನಿಗೂ ತೆಗೆದುಕೊಳ್ಳುವವನಿಗೂ ತಿಳಿಯದಂತೆ ಏರ್ಪಡಿಸಿದ ಪ್ರಯೋಗಗಳು ಅನಂತರ ನಡೆದುವು. ತಮಗೆ ಪುಡಿ ಆಗದೆಂದು ಹೇಳಿಕೊಂಡ ೧೩೦ ಜನರ ಮೇಲೆ ನಡೆದ ಪ್ರಯೋಗದ ವರದಿ ೨೦೦೦ದಲ್ಲಿ ಬಂದಿತು. ಆಹಾರವಿಲ್ಲದೆ ಬರಿಯ ಹೊಟ್ಟೆಗೆ ದೊಡ್ಡ ಮೊತ್ತವನ್ನು ಕೊಟ್ಟಾಗ ಕೆಲವರಿಗೆ ಸ್ವಲ್ಪ ಹೊತ್ತಿನ ಸೌಮ್ಯ ಲಕ್ಷಣಗಳು ಕಂಡುವು. ಆದರೆ ಅವರನ್ನೇ ಮತ್ತೆ ಪರೀಕ್ಷಿಸಿದಾಗ ಫಲ ಒಂದೇ ತೆರನಾಗಿ ಬರಲಿಲ್ಲ. ಊಟದೊಡನೆ ಬಳಸುವ ಮಟ್ಟದಲ್ಲಿ ಅದು ವಿಷವೆಂಬುದಕ್ಕೆ ಆಧಾರವಿಲ್ಲ. ರಕ್ತದ ಒತ್ತಡವುಳ್ಳವರು ಹೆದರಬೇಕಾದುದು ಉಪ್ಪಿಗೆ. ಉಪ್ಪಿನಲ್ಲಿ ನೂರಕ್ಕೆ ೩೯ ಭಾಗ ಸೋಡಿಯಂ, ಈ ಪುಡಿಯಲ್ಲಿ ೧೨ ಭಾಗ. ಸೋಯಾ ಸಾರದಲ್ಲಿಯಾದರೋ ಉಪ್ಪು ನೂರಕ್ಕೆ ಸುಮಾರು ೧೫ರಷ್ಟು ಇರುವುದು.

ಕೊನೆಗೆ ಸಿಹಿ. ಗ್ವಾಂಗ್‌ಜೌ ಸೀಮೆಯ ಶಾವಾನ್ ಎಂಬ ಊರಿಗೆ ಖ್ಯಾತಿ ತಂದ ಶುಂಠಿಹಾಲಿನ ಹೆಪ್ಪನ್ನು ತರಿಸಿರಿ. ಅಥವಾ ಎಲ್ಲಿಗೂ ಹೋಗದೆ ಇಂದೇ ಮನೆಯಲ್ಲಿ ಮಾಡಿರಿ. ಬಟ್ಟಲಲ್ಲಿ ಶುಂಠಿಯ ರಸ ಇರುವುದು. ಬಿಸಿಯಾದ ಎಮ್ಮೆಯ ಹಾಲನ್ನು ಮೇಲಿಂದ ಒಮ್ಮೆಗೇ ಸುರಿಯುವರು. ಕೆಲವು ನಿಮಿಷಗಳಲ್ಲಿ ಹಾಲು ಚಮಚವನ್ನು ಹೊರುವಷ್ಟು ಗಟ್ಟಿಯಾಗುವುದು. ನೋಡಲು ನಮ್ಮ ಗಿಣ್ಣಿನಂತೆಯೇ. ಆದರೆ ಕಾರಣ ಬೇರೆ. ಈದ ಹಸುವಿನ ಮೊದಲ ಹಾಲಿನಲ್ಲಿ ಹೇರಳವಾಗಿರುವ ವಿಶೇಷ ಸಸಾರಜನಕಗಳು ಬಿಸಿಗೆ ಹೆಪ್ಪುಗಟ್ಟಿ ಗಿಣ್ಣಾಗುವುದು. ಸಾಮಾನ್ಯ ಹಾಲಿನಲ್ಲಿ ಅವು ಸಾಲವು. ಅಲ್ಲಿನ ಮುಖ್ಯ ದ್ರವ್ಯ ಕೇಸಿನ್. ಅದರ ಕಣಗಳ ಹೊರಮೈಯಲ್ಲಿರುವ ರೋಮದಂಥ ತುದಿಗಳು ಒಂದಕ್ಕೊಂದು ಅಂಟದಂತೆ ಕಾಯುತ್ತಿರುವುವು. ಶುಂಠಿಯಲ್ಲಿರುವ ಕಿಣ್ವವು ಈ ತುದಿಗಳನ್ನು ಕತ್ತರಿಸಿಹಾಕುವುದು. ಶುಂಠಿಯಲ್ಲಿ ಇಂಥ ಕಿಣ್ವವುಂಟೆಂದು ೧೯೭೩ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಶಾವಾನಿನ ಮುದುಕಿಯರು ಅದಕ್ಕೆ ಬಹಳ ಹಿಂದೆಯೇ ಅದರಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಹಾಲು ಕಾಯುವಾಗ ಹಸಿಶುಂಠಿ ಹಾಕಿದರೆ ಚಹಾ ಒಡೆಯುವುದೆಂದೂ ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ ಅನಂತರ ಹಾಲು ಬೆರೆಸಿದರೆ ಒಡೆಯದೆಂದೂ ನಮ್ಮ ಗೃಹಿಣಿಯರೂ ಬಲ್ಲರು. ಕುದಿಸಿದಾಗ ಕಿಣ್ವ ನಾಶವಾಗುವುದು. ಎರಡೂ ಒಂದೇ ಪಾಠದ ಎರಡು ಮುಖಗಳು.

ಮಾಡುವ ಕ್ರಮ ಹೀಗೆ. ಹಸಿಶುಂಠಿಯನ್ನು ತುರಿದು ಹಿಂಡಿ ಒಂದು ದೊಡ್ಡ ಚಮಚ ರಸವನ್ನು ಬಟ್ಟಲಿಗೆ ಹಾಕಿರಿ. ರಸವನ್ನು ಹಿಂಡಿ ಬಹಳ ಹೊತ್ತು ಇಡಬಾರದು, ಕಿಣ್ವ ಬೇಗ ಶಕ್ತಿಗುಂದುವುದು. ಒಂದು ಲೋಟ ಗಟ್ಟಿಹಾಲಿಗೆ ಸಕ್ಕರೆ ಹಾಕಿ ಕಾಯಿಸಿ, ಇಳಿಸಿ, ೭೦ ಡಿಗ್ರಿಗೆ ಆರಿಸಿರಿ. ರಸವನ್ನೊಮ್ಮೆ ಕದಡಿ, ಹಾಲನ್ನು ಒಂದು ಗೇಣು ಮೇಲಿಂದ ಸರ್ರನೆ ಸುರಿದು, ಹತ್ತು ನಿಮಿಷ ಬಟ್ಟಲನ್ನು ಅಲುಗಿಸದೆ ಬಿಡಿರಿ. ಕಲಕಬಾರದು. ಹೆಪ್ಪುಗಟ್ಟದಿದ್ದರೆ ದೋಷ ಸಾಮಾನ್ಯವಾಗಿ ಮೂರರಲ್ಲಿ ಒಂದು: ಹಾಲು ತೀರ ಕುದಿಯುತ್ತಿದ್ದು ಕಿಣ್ವ ಸತ್ತಿತು, ಅಥವಾ ತೀರ ಆರಿಹೋಗಿ ಕಿಣ್ವ ಮಂದವಾಯಿತು, ಅಥವಾ ಶುಂಠಿ ಹಳೆಯದು. ಉಷ್ಣಮಾಪಕವಿಲ್ಲದವರು ಕುದಿದ ಹಾಲನ್ನು ಎರಡು ಪಾತ್ರೆಗಳ ನಡುವೆ ಕಾಫಿಯಂತೆ ನಾಲ್ಕಾರು ಸಲ ಎತ್ತಿ ಹೊಯ್ದು, ಬೆರಳನ್ನು ಕ್ಷಣಮಾತ್ರವೂ ಇಡಲಾಗದಷ್ಟು ಬಿಸಿಯಿರುವಾಗಲೇ ಸುರಿದು ನೋಡಬಹುದು. ಎರಡನೆಯ ಬಟ್ಟಲಿನಲ್ಲಿ ಕುದಿಸಿದ ಶುಂಠಿರಸವನ್ನು ಇಟ್ಟು ಅದೇ ಹಾಲನ್ನು ಸುರಿದರೆ, ಅದು ಹಾಲಾಗಿಯೇ ಉಳಿಯುವುದನ್ನು ಮಕ್ಕಳಿಗೆ ತೋರಿಸಬಹುದು.